ಸಿಕಲ್ ಸೆಲ್ ಇರೋ ಹುಡುಗಿ, ಮೂರು ಸಲ ಬಂದ ಹೊಟ್ಟೆನೋವು: ಪಿತ್ತಕೋಶದ ಕಲ್ಲಿನ ಒಂದು ಪ್ರಕರಣ

ತುಮಕೂರು ಕಡೆ ಪ್ರಾಕ್ಟೀಸ್ ಮಾಡೋ ನಮ್ಮಂಥ ಫಿಸಿಶಿಯನ್‌ಗಳಿಗೆ ಸಿಕಲ್ ಸೆಲ್, ಅಂದ್ರೆ ಕೆಂಪು ರಕ್ತಕಣ ಕುಡುಗೋಲಿನ ತರ ಬಾಗಿ ಬೇಗ ಒಡೆಯೋ, ಹುಟ್ಟಿನಿಂದ ಬರೋ ರಕ್ತದ ಕಾಯಿಲೆ, ದಿನಾ ಎದುರಾಗೋದಲ್ಲ. ಪಿತ್ತಕೋಶದ (ಗಾಲ್ ಬ್ಲಾಡರ್) ಕಲ್ಲು ಅಂದ ತಕ್ಷಣ ನಮ್ಮ ತಲೇಲಿ ಬರೋದು ನಲವತ್ತು ದಾಟಿದ, ಸ್ವಲ್ಪ ಮೈ ಬಂದಿರೋ ಹೆಂಗಸರು. ಹತ್ತೊಂಬತ್ತು ವರ್ಷದ, ನಲವತ್ತು ಕೇಜಿನೂ ಇಲ್ಲದ ಹುಡುಗಿ ಹೊಟ್ಟೆ ಹಿಡ್ಕೊಂಡು ಬಂದ್ರೆ ಗ್ಯಾಸ್ಟ್ರಿಕ್ ಅಂತಾನೇ ಎಲ್ರೂ ಅನ್ಕೋತಾರೆ. ಆದ್ರೆ ಕಾಲ ಬದಲಾಗಿದೆ, ಮೈಸೂರು, ಚಾಮರಾಜನಗರ, ಕೊಡಗು ಕಡೆ ಆದಿವಾಸಿ ಹಾಡಿಗಳಿಂದ ಮಕ್ಕಳು ಓದೋಕೆ ಇಲ್ಲಿಗೆ ಬರ್ತಿದಾರೆ, ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್ ಕಡೆ ಹುಡುಗ್ರು ಕೆಲಸಕ್ಕೆ ಬರ್ತಿದಾರೆ, ಅವರ ಜೊತೆ ಅವರ ರಕ್ತದ ಕಾಯಿಲೆನೂ ಬರುತ್ತೆ, ಅದನ್ನ ಗುರುತಿಸೋ ಅಭ್ಯಾಸ ನಮಗೂ ಬರ್ಬೇಕು. ಅದಕ್ಕೇ ಈ ಕೇಸನ್ನ ಪೂರ್ತಿಯಾಗಿ ಬರೀತಿದೀನಿ. ಹುಡುಗಿ ಮತ್ತೆ ಅವರಮ್ಮನ ಒಪ್ಪಿಗೆ ತಗೊಂಡಿದೀನಿ, ಊರು, ಕಾಲೇಜು, ಆಸ್ಪತ್ರೆ ಯಾವುದೂ ಹೇಳಲ್ಲ, ಗುರುತು ಸಿಗೋಂಥ ಕೆಲವು ವಿವರ ಬದಲಾಯಿಸಿದೀನಿ.

ಹಿನ್ನೆಲೆ

ಹುಡುಗಿ ಕಾಡಂಚಿನ ಒಂದು ಹಾಡಿಯವಳು. ಅಪ್ಪ ಕಾಫಿ ಎಸ್ಟೇಟಲ್ಲಿ ಕೂಲಿ, ಅಮ್ಮ ಮನೆ ಹತ್ರಾನೇ ಕೆಲಸ, ಒಬ್ಬ ತಮ್ಮ. ಹಾಡಿಯಿಂದ ಡಿಗ್ರಿಗೆ ಅಂತ ಇಷ್ಟು ದೂರ ಬಂದ ಮೊದಲ ಹುಡುಗಿ ಇವಳೇ. ಚಿಕ್ಕಂದಿನಲ್ಲಿ ಕೈಕಾಲು ಗಂಟು ನೋವು ಬಂದು ಅಳ್ತಾ ಇದ್ಲಂತೆ, ಎಂಟನೇ ವಯಸ್ಸಲ್ಲಿ ಒಂದು ಕ್ಯಾಂಪಲ್ಲಿ ರಕ್ತ ಪರೀಕ್ಷೆ ಮಾಡಿ ಸಿಕಲ್ ಸೆಲ್ ಅಂತ ಹೇಳಿದಾರೆ. ಒಬ್ರಿಂದ ಮಾತ್ರ ಜೀನ್ ಬಂದಿರೋ ಕ್ಯಾರಿಯರ್ ಅಲ್ಲ, ಅಪ್ಪ ಅಮ್ಮ ಇಬ್ರಿಂದಲೂ ಆ ಜೀನ್ ಬಂದಿರೋ ಪೂರ್ತಿ ಕಾಯಿಲೆ. ಎರಡು ಸಲ ರಕ್ತ ಹಾಕಿಸಿದಾರೆ. ಆಮೇಲೆ ಫೋಲಿಕ್ ಆ್ಯಸಿಡ್ ಮತ್ತೆ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ಶುರು ಮಾಡಿದ್ಮೇಲೆ ನೋವು ಬರೋದು ತುಂಬಾ ಕಮ್ಮಿ ಆಗಿತ್ತು. ಕಣ್ಣು ಮಾತ್ರ ಯಾವಾಗ್ಲೂ ತಿಳಿ ಹಳದಿ. ಸ್ಕೂಲಲ್ಲಿ ಮಕ್ಕಳು ಆಡ್ಕೋತಿದ್ರು ಅಂತ ಅವಳೇ ಹೇಳಿದ್ಲು.

ತುಮಕೂರಿಗೆ ಬಂದ್ಮೇಲೆ ಆ ಕ್ಯಾಪ್ಸೂಲ್ ನಿಂತೋಯ್ತು. ಒಂದು, ಅದು ಪ್ರತಿ ತಿಂಗಳು ಅವರೂರ ಕಡೆ ಆರೋಗ್ಯ ಕೇಂದ್ರದಲ್ಲೇ ಸಿಗೋದು. ಇನ್ನೊಂದು, ಮತ್ತೆ ಇದೇ ದೊಡ್ಡ ಕಾರಣ ಅಂತ ನನಗನ್ಸುತ್ತೆ, ರೂಮ್‌ಮೇಟ್ ಒಬ್ಳು ಆ ಕ್ಯಾಪ್ಸೂಲ್ ಹೆಸರನ್ನ ಫೋನಲ್ಲಿ ಹಾಕಿ ನೋಡಿದಾಳೆ, ಕ್ಯಾನ್ಸರ್ ಔಷಧಿ ಅಂತ ಬಂದಿದೆ. ಅದು ಸುಳ್ಳೂ ಅಲ್ಲ, ಕೆಲವು ಬ್ಲಡ್ ಕ್ಯಾನ್ಸರ್‌ಗೂ ಅದನ್ನ ಕೊಡ್ತಾರೆ. ಆದ್ರೆ ಸಿಕಲ್ ಸೆಲ್‌ನಲ್ಲಿ ಅದು ಮಗು ಗರ್ಭದಲ್ಲಿದ್ದಾಗ ಇರೋ ತರದ ಹಿಮೋಗ್ಲೋಬಿನ್ ಜಾಸ್ತಿ ಮಾಡಿ ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗೋದನ್ನ ಕಮ್ಮಿ ಮಾಡುತ್ತೆ, 1995ರಲ್ಲೇ ದೊಡ್ಡ ಟ್ರಯಲ್‌ನಲ್ಲಿ ನೋವಿನ ಕ್ರೈಸಿಸ್, ಅಂದ್ರೆ ಬಾಗಿದ ಕಣ ರಕ್ತನಾಳದಲ್ಲಿ ಸಿಕ್ಕಾಕೊಂಡು ಬರೋ ನೋವಿನ ದಾಳಿ, ಸುಮಾರು ಅರ್ಧಕ್ಕೆ ಇಳಿಸ್ತು ಅಂತ ಗೊತ್ತಾಗಿದೆ. ಇದನ್ನೆಲ್ಲ ಹದಿನೆಂಟು ವರ್ಷದ ಹುಡುಗಿ ಹಾಸ್ಟೆಲ್ ರೂಮಲ್ಲಿ ನಾಲ್ಕು ಜನಕ್ಕೆ ಕೂತು ವಿವರಿಸೋಕೆ ಆಗುತ್ತಾ? ಡಬ್ಬಿನ ಟ್ರಂಕ್ ತಳಕ್ಕೆ ಹಾಕಿದಾಳೆ, ಅಷ್ಟೇ.

ಸಮಸ್ಯೆ ಶುರುವಾಗಿದ್ದು

ಮೊದಲನೇ ಸಲ ನೋವು ಬಂದಿದ್ದು ಒಂದು ಭಾನುವಾರ ರಾತ್ರಿ, ಹಾಸ್ಟೆಲಲ್ಲಿ ಚಿಕನ್ ಊಟ ಆದ್ಮೇಲೆ. ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ ಬೆನ್ನಿಗೆ, ಭುಜಕ್ಕೆ ಹೋಯ್ತು, ಎರಡು ಮೂರು ಗಂಟೆ ಇದ್ದು ತಾನಾಗೇ ನಿಂತು ಹೋಯ್ತು, ಅಷ್ಟೊತ್ತಿಗೆ ಹತ್ತಿರದ ಕ್ಲಿನಿಕ್ಕಲ್ಲಿ ಗ್ಯಾಸ್ಟ್ರಿಕ್ ಇಂಜೆಕ್ಷನ್ ಬೇರೆ ಆಗಿತ್ತು ಆದ್ರಿಂದ ಅದಕ್ಕೇ ಕಮ್ಮಿ ಆಯ್ತು ಅಂತ ಎಲ್ರೂ ಅನ್ಕೊಂಡ್ರು.

ಎರಡನೇ ಸಲ ಫ್ರೆಂಡ್ಸ್ ಜೊತೆ ಕ್ಯಾತ್ಸಂದ್ರಕ್ಕೆ ಹೋಗಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು ಬಂದ ದಿನ. ಈ ಸಲ ಕಣ್ಣು ಇನ್ನೂ ಹಳದಿ ಆಗಿದೆ ಅಂತ ಫ್ರೆಂಡ್ಸೇ ನೋಡಿ ಲ್ಯಾಬಿಗೆ ಕರ್ಕೊಂಡು ಹೋಗಿದಾರೆ. ಕಣ್ಣು ಹಳದಿ ಮಾಡೋ ಬಿಲಿರುಬಿನ್ ಟೋಟಲ್ 5.0 ಅಂತ ಬಂತು. ಒಂದೇ ಒಂದು ನಂಬರ್, ಪಕ್ಕದಲ್ಲಿ ಕೆಂಪು ಮಾರ್ಕು. ನೋಡಿದೋರೆಲ್ಲ ಕಾಮಾಲೆ ಅಂದ್ರು. ರೂಮ್‌ಮೇಟ್ ಅಮ್ಮ ಒಬ್ರು, ಒಳ್ಳೆ ಮನಸ್ಸಿಂದಾನೇ, ಕಾಮಾಲೆಗೆ ನಾಟಿ ಔಷಧಿ ಕೊಡೋರ ಹತ್ರ ಕರ್ಕೊಂಡು ಹೋದ್ರು. ಸೊಪ್ಪಿನ ರಸ, ಮೂರು ವಾರ ಪಥ್ಯ. ಎಣ್ಣೆ ಇಲ್ಲ, ತುಪ್ಪ ಇಲ್ಲ, ಮಾಂಸ ಇಲ್ಲ, ಗಂಜಿ ಮಜ್ಜಿಗೆ ಅಷ್ಟೇ. ಆ ಮೂರು ವಾರ ನೋವು ಒಂದು ಸಲಾನೂ ಬರ್ಲಿಲ್ಲ.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದು ನಮ್ಮ ಜಿಲ್ಲೇಲಿ ಮತ್ತೆ ಮತ್ತೆ ನಡೆಯೋ ವಿಷಯ. ಜಿಡ್ಡಿನ ಊಟ ಕರುಳಿಗೆ ಹೋದಾಗ ಅಲ್ಲಿಂದ ಒಂದು ಹಾರ್ಮೋನ್ ಬಿಡುಗಡೆ ಆಗಿ ಪಿತ್ತಕೋಶ ಹಿಂಡ್ಕೊಳ್ಳುತ್ತೆ, ಒಳಗೆ ಕಲ್ಲಿದ್ರೆ ಅದು ಪಿತ್ತಕೋಶದ ಬಾಯಿಗೆ ಬಂದು ಸಿಕ್ಕಾಕೊಳ್ಳುತ್ತೆ, ನೋವು ಬರುತ್ತೆ. ಜಿಡ್ಡು ನಿಲ್ಸಿದ್ರೆ ಪಿತ್ತಕೋಶ ಅಷ್ಟು ಜೋರಾಗಿ ಹಿಂಡಲ್ಲ, ನೋವಿಲ್ಲ. ಹಂಗಾಗಿ ನೋವು ನಿಲ್ಸಿದ್ದು ಪಥ್ಯ, ಹೆಸರು ಬಂದಿದ್ದು ರಸಕ್ಕೆ. ಕಲ್ಲು ಅಲ್ಲೇ ಇತ್ತು. ಪಥ್ಯ ಬಿಟ್ಟ ಮೇಲೆ ಮತ್ತೆ ಸಣ್ಣದಾಗಿ ನೋವು ಶುರುವಾದಾಗ ಯಾರೋ ಸ್ಕ್ಯಾನ್ ಮಾಡ್ಸು ಅಂದಿದಾರೆ, ಪಿತ್ತಕೋಶದಲ್ಲಿ ಕಲ್ಲು ಅಂತ ಬಂತು, ಕಲ್ಲು ಕರಗೋ ಮಾತ್ರೆ ಅಂತ ಅರ್ಸೋಡಿಆಕ್ಸಿಕೋಲಿಕ್ ಆ್ಯಸಿಡ್ ಬರ್ಕೊಟ್ರು. ಹಾಸ್ಟೆಲ್ ಅಡುಗೆಯವರು ಕಲ್ಲು ಅಂದ ತಕ್ಷಣ ಬಾಳೆದಿಂಡಿನ ರಸ ಕುಡಿ ಪುಟ್ಟಾ ಅಂದ್ರಂತೆ, ಅದು ನಮ್ಮ ಜನ ಮೂತ್ರಪಿಂಡದ ಕಲ್ಲಿಗೆ ಕುಡಿಯೋದು, ಪಿತ್ತಕೋಶಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆ ಕಲ್ಲು ಕರಗೋ ಮಾತ್ರೆ ಇವಳಿಗೆ ಯಾಕೆ ಕೆಲಸ ಮಾಡಲ್ಲ ಅಂತ ತಿಳ್ಕೋಬೇಕಂದ್ರೆ ಈ ಕಲ್ಲು ಎಲ್ಲಿಂದ ಬಂತು ಅಂತ ನೋಡ್ಬೇಕು. ಆರೋಗ್ಯವಾಗಿರೋರ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ. ಸಿಕಲ್ ಸೆಲ್ ಇರೋರಲ್ಲಿ 10ರಿಂದ 20 ದಿನ ಅಷ್ಟೇ. ಒಡೆದ ಪ್ರತಿ ಕಣದಿಂದ ಬಿಲಿರುಬಿನ್ ಬರುತ್ತೆ, ಲಿವರ್ ಅದನ್ನ ನೀರಲ್ಲಿ ಕರಗೋ ತರ ಮಾಡಿ ಪಿತ್ತಕ್ಕೆ ಬಿಡ್ಬೇಕು. ಹಗಲೂ ರಾತ್ರಿ ಇಷ್ಟೊಂದು ಬರ್ತಾ ಇದ್ರೆ ಪಿತ್ತದಲ್ಲಿ ಬಿಲಿರುಬಿನ್ ಮಿತಿಮೀರುತ್ತೆ, ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತೆ. ಅದೇ ಪಿಗ್ಮೆಂಟ್ ಕಲ್ಲು, ಬಣ್ಣ ಕಪ್ಪು. ಸಾಮಾನ್ಯವಾಗಿ ನಾವು ನೋಡೋ ಕಲ್ಲು ಕೊಲೆಸ್ಟ್ರಾಲ್‌ದು, ಆ ಮಾತ್ರೆ ಏನಾದ್ರೂ ಕರಗಿಸೋದಾದ್ರೆ ಆ ಕೊಲೆಸ್ಟ್ರಾಲ್ ಕಲ್ಲನ್ನ ಮಾತ್ರ, ಅದೂ ಸಣ್ಣದಿದ್ರೆ. ಕಪ್ಪು ಕಲ್ಲು ಅದಕ್ಕೆ ಜಗ್ಗಲ್ಲ. ಹೊರದೇಶದ ಒಂದು ಹಳೇ ಸ್ಟಡೀಲಿ 2ರಿಂದ 4 ವರ್ಷದ ಸಿಕಲ್ ಸೆಲ್ ಮಕ್ಕಳಲ್ಲೇ ಸುಮಾರು 12% ಜನಕ್ಕೆ, 15ರಿಂದ 18 ವರ್ಷದೋರಲ್ಲಿ ಸುಮಾರು 42% ಜನಕ್ಕೆ ಕಲ್ಲು ಕಂಡಿದೆ. ಅಂದ್ರೆ ಹತ್ತೊಂಬತ್ತರ ಹುಡುಗಿಗೆ ಕಲ್ಲಿರೋದು ಆಶ್ಚರ್ಯದ ವಿಷಯಾನೇ ಅಲ್ಲ. ಆದ್ರೆ ಸ್ಕ್ಯಾನ್ ಮಾಡಿದ ಜಾಗದಲ್ಲಿ ಇವಳಿಗೆ ಸಿಕಲ್ ಸೆಲ್ ಇದೆ ಅಂತ ಗೊತ್ತೇ ಇರ್ಲಿಲ್ಲ, ಯಾರೂ ಕೇಳ್ಲಿಲ್ಲ, ಇವಳೂ ಹೇಳ್ಲಿಲ್ಲ.

ಮೂರನೇ ಸಲ, ನಮ್ಮ ಹತ್ರ ಬಂದಾಗ

ವಾರ್ಡನ್ ಮೇಡಂ ಆಟೋದಲ್ಲಿ ಕರ್ಕೊಂಡು ಬಂದ್ರು. ಹಿಂದಿನ ದಿನದಿಂದ ನೋವು, ಈ ಸಲ ನಿಲ್ತಾನೇ ಇಲ್ಲ, ಚಳಿ ಬಂದು ಮೈ ನಡುಗಿ ಜ್ವರ 102, ಕಣ್ಣು ಅರಿಶಿನ ಹಚ್ಚಿದಂಗೆ. ಬಲಗಡೆ ಮುಟ್ಟಿದ್ರೆ ಉಸಿರು ಹಿಡೀತಿದ್ಲು. ಸಿಕಲ್ ಸೆಲ್ ವಿಷಯ ಆಗ್ಲೂ ಮೊದಲು ಹೇಳ್ಲಿಲ್ಲ. ಹಿಮೋಗ್ಲೋಬಿನ್ 7.2 ನೋಡಿ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿ ಕೈಗೆ ಸಿಗ್ತಾ ಇದೆ ಅಂತ ನೋಡಿ, ಚಿಕ್ಕಂದಿನಿಂದ ರಕ್ತ ಕಮ್ಮಿನಾ ಮಗಳೇ ಅಂತ ಕೇಳಿದ್ಮೇಲೆ ವಾರ್ಡನ್ ಸ್ವಲ್ಪ ಆಚೆ ಹೋಗ್ಲಿ ಅಂತ ಸನ್ನೆ ಮಾಡಿದ್ಲು, ಆಮೇಲೆ ಹೇಳಿದ್ಲು.

ಈಗ ಪ್ರಶ್ನೆ ಏನಂದ್ರೆ, ಸಿಕಲ್ ಸೆಲ್ ಇದೆ ಅಂತ ಗೊತ್ತಾದ ತಕ್ಷಣ ದಾರಿ ತಪ್ಪೋಕೆ ಇನ್ನೊಂದು ಅವಕಾಶ ಹುಟ್ಕೊಳ್ಳುತ್ತೆ. ಸಿಕಲ್ ಸೆಲ್ ಇದ್ದೋರಿಗೆ ಹೊಟ್ಟೆನೋವು ಬಂದ್ರೆ ಕ್ರೈಸಿಸ್ ಅಂತ ಹೇಳಿ ಡ್ರಿಪ್, ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸ್ಬಿಡ್ಬಹುದು. ಕಣ್ಣು ಹಳದಿ ಇದೆ ಅಂದ್ರೆ ಅದು ಯಾವಾಗ್ಲೂ ಇರೋದೇ ಅನ್ಬಹುದು. ಬಾಗಿದ ಕಣಗಳು ಲಿವರ್ ಒಳಗೇ ಸಿಕ್ಕಾಕೊಂಡು ಇದೇ ತರ ಜ್ವರ, ನೋವು, ಹಳದಿ ಎಲ್ಲ ಬರೋ ಲಿವರ್ ಕ್ರೈಸಿಸ್ಸೂ ಇದೆ. ಹಾಸ್ಟೆಲ್ ನೀರು ಅಂದ್ರೆ ಹೆಪಟೈಟಿಸ್ ಎ, ಇ ಅನ್ನೋ ಲಿವರ್ ಸೋಂಕು ಎರಡೂ ಇರ್ಬಹುದು. ಎಲ್ಲದರಲ್ಲೂ ಮೇಲ್ನೋಟಕ್ಕೆ ಹುಡುಗಿ ಒಂದೇ ತರ ಕಾಣ್ತಾಳೆ.

ನಮ್ಮ ರಿಪೋರ್ಟಲ್ಲಿ ಟೋಟಲ್ ಬಿಲಿರುಬಿನ್ 12.6 ಬಂತು, ಅದರಲ್ಲಿ ಲಿವರ್ ಕೆಲಸ ಮುಗಿಸಿ ಕಳಿಸಿದ ಭಾಗ, ಅಂದ್ರೆ ಡೈರೆಕ್ಟ್, 8.1. ನನಗೆ ಬೇಕಾಗಿದ್ದು ಇನ್ನೊಂದು ನಂಬರ್, ಈ ಹುಡುಗಿ ಚೆನ್ನಾಗಿದ್ದಾಗ ಎಷ್ಟಿರ್ತಿತ್ತು ಅನ್ನೋದು. ಅವಳ ಫೋನಲ್ಲಿ ಕಾಲೇಜ್ ಸೇರೋಕ್ಕೆ ಮುಂಚೆ ಅವರೂರಲ್ಲಿ ಮಾಡ್ಸಿದ್ದ ರಿಪೋರ್ಟಿನ ಫೋಟೋ ಇತ್ತು, ಅಮ್ಮ ಹೇಳಿದ್ರು ಅಂತ ತೆಗೆದಿಟ್ಕೊಂಡಿದ್ಲು. ಟೋಟಲ್ 4.1, ಡೈರೆಕ್ಟ್ 0.6, ಹಿಮೋಗ್ಲೋಬಿನ್ 8.3. ಈ ಒಂದು ಫೋಟೋ ಇಡೀ ಕೇಸಿನ ದಿಕ್ಕು ಬದಲಾಯಿಸ್ತು ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಯಾಕಂದ್ರೆ ರಕ್ತಕಣ ಒಡೆಯೋದ್ರಿಂದ ಬರೋ ಹಳದಿ ಹೆಚ್ಚು ಕಮ್ಮಿ ಎಲ್ಲಾ ಇನ್‌ಡೈರೆಕ್ಟ್, ಇನ್ನೂ ಲಿವರ್ ಕೈಗೆ ಸಿಗದೇ ಇರೋದು. ಅವಳಲ್ಲಿ ಆವತ್ತೂ ಅದು 3.5 ಇತ್ತು, ಈಗ 4.5, ಅಂಥ ವ್ಯತ್ಯಾಸ ಏನಿಲ್ಲ. ಹಿಮೋಗ್ಲೋಬಿನ್ನೂ ಒಂದು ಗ್ರಾಂ ಅಷ್ಟೇ ಇಳಿದಿದೆ. ಏರಿರೋದು ಡೈರೆಕ್ಟ್, ಅಂದ್ರೆ ಲಿವರ್ ತನ್ನ ಕೆಲಸ ಮುಗಿಸಿ ಹೊರಗೆ ಕಳಿಸಿದೆ, ಮುಂದೆ ಹೋಗೋಕೆ ದಾರಿ ಇಲ್ಲ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಮಲ ಬಿಳಿಚ್ಕೊಂಡಿತ್ತು, ಮೈ ಕೆರೆತ ಇತ್ತು, ಇದನ್ನೆಲ್ಲ ಬಿಡಿಸಿ ಕೇಳಿದ್ಮೇಲೆ ನಾಚ್ಕೊಂಡು ಹೇಳಿದ್ಲು. ಪಿತ್ತದ ದಾರಿ ಕಟ್ಟಿದ್ರೆ ಏರೋ ಆಲ್ಕಲೈನ್ ಫಾಸ್ಫಟೇಸ್ ಏರಿತ್ತು, ಲಿವರ್ ಕಣಗಳಿಗೆ ಏಟಾದ್ರೆ ಏರೋ ಎಸ್‌ಜಿಪಿಟಿ 160 ಮಾತ್ರ, ವೈರಲ್ ಹೆಪಟೈಟಿಸ್ ಆಗಿದ್ರೆ ಈ ಹಂತದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಪಟ್ಟು ಇರ್ಬೇಕಿತ್ತು. ಎಸ್‌ಜಿಒಟಿ ಅನ್ನೋ ಇನ್ನೊಂದು ಲಿವರ್ ಪರೀಕ್ಷೆ ರಕ್ತಕಣ ಒಡೆದ್ರೂ ಏರುತ್ತೆ, ಅದಕ್ಕೆ ಇವರಲ್ಲಿ ಅದನ್ನ ನಂಬ್ಕೊಂಡು ಕೂರಬಾರದು. ಅಲ್ಟ್ರಾಸೌಂಡಲ್ಲಿ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು, ಪಿತ್ತನ ಕರುಳಿಗೆ ಒಯ್ಯೋ ಪಿತ್ತನಾಳ 9 ಮಿಲಿಮೀಟರ್‌ಗೆ ಹಿಗ್ಗಿದೆ, ಕೆಳಗಿನ ತುದಿ ಗ್ಯಾಸ್‌ನಿಂದ ಕಾಣ್ತಿಲ್ಲ. ನೋವು, ಚಳಿಜ್ವರ, ಹಳದಿ ಮೂರೂ ಒಟ್ಟಿಗೆ, ನಾಳ ಹಿಗ್ಗಿದೆ. ಕಲ್ಲು ನಾಳಕ್ಕೆ ಜಾರಿ ಅಡ್ಡ ಕೂತಿದೆ, ಹಿಂದೆ ನಿಂತ ಪಿತ್ತಕ್ಕೆ ಸೋಂಕು ಹತ್ತಿದೆ, ಕೊಲಾಂಜೈಟಿಸ್. ಇದು ಕಾಯೋ ಕಾಯಿಲೆ ಅಲ್ಲ, ತಡ ಆದ್ರೆ ಸೋಂಕು ರಕ್ತಕ್ಕೆ ಹೋಗಿ ಜೀವಕ್ಕೇ ಬರುತ್ತೆ.

ಆಂಟಿಬಯಾಟಿಕ್ ವಿಷಯದಲ್ಲಿ ಒಂದು ಮಾತು. ಇಂಥ ಕೇಸಲ್ಲಿ ನಮ್ಮ ಕಡೆ ಕೈ ಮೊದಲು ಹೋಗೋದು ಸೆಫ್ಟ್ರಿಯಾಕ್ಸೋನ್‌ಗೆ. ಅದು ತಾನೇ ಪಿತ್ತಕೋಶದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕೆಸರು ಕಟ್ಟುತ್ತೆ, ಜೊತೆಗೆ ಸಿಕಲ್ ಸೆಲ್ ಮಕ್ಕಳಲ್ಲಿ ಅಪರೂಪಕ್ಕೆ ರಕ್ತಕಣಗಳನ್ನ ಒಮ್ಮೆಲೇ ಒಡೆಸಿ ಪ್ರಾಣಾಪಾಯ ತಂದಿರೋ ವರದಿಗಳಿವೆ. ಬೇರೆ ಏನೂ ಇಲ್ಲದಿದ್ರೆ ಅದನ್ನೇ ಕೊಡ್ಬೇಕು, ಸೋಂಕಿಗೆ ಔಷಧಿ ಕೊಡದೇ ಇರೋದಕ್ಕಿಂತ ಅದು ಮೇಲು, ಆದ್ರೆ ನಮ್ಮ ಹತ್ರ ಪಿಪರಾಸಿಲಿನ್ ಟಾಜೋಬ್ಯಾಕ್ಟಮ್ ಇತ್ತು, ಅದನ್ನೇ ಶುರು ಮಾಡಿದ್ವಿ, ಅದಕ್ಕೆ ಮುಂಚೆ ಬ್ಲಡ್ ಕಲ್ಚರ್ ಕಳಿಸಿದ್ವಿ, ಆಮೇಲೆ ಅದರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬೆಳೀತು. ಡ್ರಿಪ್ ಲೆಕ್ಕ ಹಾಕಿ ಕೊಟ್ವಿ, ಮೈಯಲ್ಲಿ ನೀರು ಕಮ್ಮಿ ಆದ್ರೆ ಕಣ ಬಾಗುತ್ತೆ, ಜಾಸ್ತಿ ಆದ್ರೆ ಶ್ವಾಸಕೋಶಕ್ಕೆ ಕೂರುತ್ತೆ, ಈ ಎರಡರ ಮಧ್ಯದ ದಾರಿ ಇವರಲ್ಲಿ ತುಂಬಾ ಸಣ್ಣದು.

ಬಾಯಿಂದ ಕೊಳವೆ ಇಳಿಸಿ ನಾಳದೊಳಗಿನ ಕಲ್ಲು ತೆಗೆಯೋ ಇಆರ್‌ಸಿಪಿ ನಮ್ಮ ನರ್ಸಿಂಗ್ ಹೋಮಲ್ಲಿ ಇಲ್ಲ. ಅದೇ ರಾತ್ರಿ ಆಂಬ್ಯುಲೆನ್ಸಲ್ಲಿ ಬೆಂಗಳೂರಿಗೆ ಕಳಿಸಿದ್ವಿ, ಸುಮಾರು 70 ಕಿಲೋಮೀಟರ್ ದಾರಿ. ಎಲ್ಲಿಗೆ ಕಳಿಸ್ಬೇಕು ಅಂತ ಯೋಚನೆ ಮಾಡುವಾಗ ಹತ್ತಿರದ್ದು, ದೊಡ್ಡದು ಅಂತ ನೋಡ್ಲಿಲ್ಲ, ಇಆರ್‌ಸಿಪಿ, ರಕ್ತರೋಗದ ಡಾಕ್ಟರು, ಒಳ್ಳೆ ಬ್ಲಡ್ ಬ್ಯಾಂಕು, ಈ ಮೂರೂ ಒಂದೇ ಕಟ್ಟಡದಲ್ಲಿ ಇರೋ ಜಾಗ ಹುಡುಕಿ ಫೋನ್ ಮಾಡಿ ಬೆಡ್ ಖಚಿತ ಮಾಡ್ಕೊಂಡು ಕಳಿಸಿದ್ವಿ. ರೆಫರಲ್ ಲೆಟರಿನ ಮೊದಲ ಸಾಲಲ್ಲೇ ಸಿಕಲ್ ಸೆಲ್ ಅಂತ ಬರೆದು ಆ ಹಳೇ ರಿಪೋರ್ಟಿನ ನಂಬರುಗಳನ್ನ ಪಕ್ಕದಲ್ಲೇ ಹಾಕಿದ್ವಿ.

ಕಲ್ಲು ತೆಗೆದ್ರಲ್ಲ, ಇನ್ನೇನು ಅನ್ನೋ ಪ್ರಶ್ನೆ

ಮಾರನೇ ದಿನ ಇಆರ್‌ಸಿಪಿ ಆಯ್ತು, ನಾಳದ ಬಾಯಿ ಅಗಲ ಮಾಡಿ ಕಲ್ಲು ತೆಗೆದ್ರು. ಜ್ವರ ಬಿಡ್ತು, ಡೈರೆಕ್ಟ್ ಬಿಲಿರುಬಿನ್ ದಿನದಿನಕ್ಕೂ ಇಳೀತಾ ಬಂತು, ಹುಡುಗಿ ಎದ್ದು ಕೂತು ಊಟ ಮಾಡಿದ್ಲು. ಅಷ್ಟೊತ್ತಿಗೆ ಊರಿಂದ ಬಂದಿದ್ದ ಅಮ್ಮ ನನಗೆ ಫೋನ್ ಮಾಡಿದ್ರು. "ಸಾ, ಕಲ್ಲು ತೆಗ್ದಾಯ್ತಲ್ಲ, ಕೂಸು ಚೆನ್ನಾಗೈತೆ. ಈಗ ಪಿತ್ತದ ಚೀಲಾನೇ ತೆಗೀಬೇಕು ಅಂತಾವ್ರೆ. ಅದ್ ತೆಗುದ್ರೆ ಉಂಡಿದ್ದು ಅರಗದೆಂಗೆ? ಮನೆಗೆ ಕರ್ಕೊಂಡೋಗಿ ಹಬ್ಬ ಕಳ್ದು ಬತ್ತೀವಿ."

ಅವರ ಮಾತಲ್ಲಿ ತಪ್ಪೇನಿಲ್ಲ. ಮಗಳು ಚೆನ್ನಾಗಿರೋದು ಕಣ್ಣಿಗೆ ಕಾಣ್ತಿದೆ, ಮತ್ತೆ ಕೊಯ್ಯೋದು ಯಾಕೆ? ನಾನು ಹೇಳಿದ್ದು ಇಷ್ಟು. ಅಮ್ಮಾ, ಪಿತ್ತ ತಯಾರಾಗೋದು ಲಿವರಲ್ಲಿ, ಆ ಚೀಲ ಬರೀ ಕೂಡಿಟ್ಕೊಳ್ಳೋ ಜಾಗ, ಅದಿಲ್ಲದಿದ್ರೂ ಪಿತ್ತ ಕರುಳಿಗೆ ಹೋಗುತ್ತೆ, ಊಟ ಅರಗುತ್ತೆ. ಈಗ ತೆಗೆದಿರೋದು ದಾರೀಲಿ ಅಡ್ಡ ಕೂತಿದ್ದ ಕಲ್ಲು ಮಾತ್ರ, ಚೀಲದ ತುಂಬ ಇನ್ನೂ ಇವೆ, ಅದರಲ್ಲಿ ಯಾವುದು ಯಾವಾಗ ಜಾರುತ್ತೆ ಅಂತ ಹೇಳೋಕಾಗಲ್ಲ. ಆಮೇಲೆ ಒಂದು ಕೇಳ್ದೆ, ಹಾಡೀಲಿ ರಾತ್ರಿ ಹನ್ನೊಂದಕ್ಕೆ ಈ ತರ ಚಳಿಜ್ವರ ಬಂದ್ರೆ ಗಾಡಿ ಎಷ್ಟೊತ್ತಿಗೆ ಸಿಗುತ್ತೆ? ಆ ಕಡೆಯಿಂದ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಆನೆ ದಾರಿ ಸಾ. ಬೆಳಗಾಗಗಂಟ ಯಾರೂ ಬರಕಿಲ್ಲ" ಅಂದ್ರು. ತೀರ್ಮಾನ ಅಲ್ಲೇ ಆಯ್ತು. ಮೆಡಿಕಲ್ ಪುಸ್ತಕದಲ್ಲೂ ನಾಳ ಖಾಲಿ ಮಾಡಿದ್ಮೇಲೆ ಅದೇ ಅಡ್ಮಿಷನ್‌ನಲ್ಲೇ ಪಿತ್ತಕೋಶ ತೆಗೀಬೇಕು ಅಂತಾನೇ ಇದೆ, ಆದ್ರೆ ಆ ತಾಯಿ ಒಪ್ಪಿದ್ದು ಪುಸ್ತಕದ ಕಾರಣಕ್ಕಲ್ಲ.

ಇನ್ನು ಆಪರೇಷನ್ ತಯಾರಿ. ಸಿಕಲ್ ಸೆಲ್ ಇರೋರಿಗೆ ಸಣ್ಣ ತೂತಿಂದ ಮಾಡೋ ಲ್ಯಾಪರೊಸ್ಕೋಪಿ ಚಾಕು ಅಷ್ಟು ಅಪಾಯ ಅಲ್ಲ, ಅದರ ಸುತ್ತ ಇರೋ ಹಸಿವು, ಬಾಯಾರಿಕೆ, ಚಳಿ, ಆಕ್ಸಿಜನ್ ಇಳಿಯೋದು, ನೋವಿಗೆ ಉಸಿರು ಪೂರ್ತಿ ಎಳೀದೇ ಇರೋದು, ಇವೇ ಅಪಾಯ. ಆಪರೇಷನ್‌ಗೆ ಮುಂಚೆ ರಕ್ತ ಕೊಡ್ಬೇಕಾ ಬೇಡ್ವಾ ಅನ್ನೋದಕ್ಕೆ 2013ರಲ್ಲಿ ಮೆಡಿಕಲ್ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಟ್ಯಾಪ್ಸ್ ಟ್ರಯಲ್ ಇದೆ, 67 ಜನರ ಮೇಲೆ ಮಾಡಿದ್ದು, ರಕ್ತ ಕೊಡದೇ ಇದ್ದ ಗುಂಪಲ್ಲಿ ತೊಂದರೆ ಆಗಿದ್ದು 39% ಜನಕ್ಕೆ, ಕೊಟ್ಟ ಗುಂಪಲ್ಲಿ 15%, ವ್ಯತ್ಯಾಸ ಇಷ್ಟಿದ್ದಿದ್ರಿಂದ ಟ್ರಯಲನ್ನ ಮಧ್ಯದಲ್ಲೇ ನಿಲ್ಲಿಸಿದ್ರು. ಗಂಭೀರ ತೊಂದರೆಗಳಲ್ಲಿ ಹೆಚ್ಚಿನವು ಅಕ್ಯೂಟ್ ಚೆಸ್ಟ್ ಸಿಂಡ್ರೋಮ್, ಅಂದ್ರೆ ಶ್ವಾಸಕೋಶದಲ್ಲಿ ಆಗೋ ಕ್ರೈಸಿಸ್. ಹಂಗಂತ ಸಿಕ್ಕಾಪಟ್ಟೆ ಏರಿಸೋದೂ ತಪ್ಪು, ಹಿಮೋಗ್ಲೋಬಿನ್ 10ರ ಹತ್ತಿರ ತಂದ್ರೆ ಸಾಕು, ಅದನ್ನ ಮೀರಿ ಹೋದ್ರೆ ರಕ್ತ ಮಂದ ಆಗಿ ಅದೇ ತೊಂದರೆ ಕೊಡುತ್ತೆ.

ಇಲ್ಲಿ ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಮಾಡಿದ ಕೆಲಸ ದೊಡ್ಡದು. ಬರೀ ಗ್ರೂಪ್ ನೋಡಿ ರಕ್ತ ಕೊಡದೆ ಆಂಟಿಬಾಡಿ ಸ್ಕ್ರೀನ್ ಮಾಡಿದ್ರು, ಚಿಕ್ಕಂದಿನಲ್ಲಿ ಹಾಕಿದ್ದ ರಕ್ತದಿಂದ ಅವಳ ಮೈಯಲ್ಲಿ ಆಂಟಿ-ಇ ಅನ್ನೋ ಪ್ರತಿಕಾಯ ಬೆಳೆದಿರೋದು ಸಿಕ್ತು. ಗ್ರೂಪ್ ಮ್ಯಾಚ್ ಆಗಿದೆ ಅಂತ ಸುಮ್ನೆ ಕೊಟ್ಟಿದ್ರೆ ಒಂದು ವಾರದ ನಂತರ, ಆಪರೇಷನ್ ಎಲ್ಲ ಮುಗಿದು ಮನೆಗೆ ಹೋದ್ಮೇಲೆ, ಕೊಟ್ಟ ರಕ್ತ ಎಲ್ಲ ಒಡೆದು ಹಿಮೋಗ್ಲೋಬಿನ್ ರಕ್ತ ಕೊಡೋಕ್ಕೆ ಮುಂಚೆ ಇದ್ದಿದ್ದಕ್ಕಿಂತ ಕೆಳಗೆ ಬೀಳೋ ಸಾಧ್ಯತೆ ಇತ್ತು. ಕಣದ ಮೇಲೆ ಇ, ಕೆಲ್ ಅನ್ನೋ ಗುರುತುಗಳು ಇಲ್ಲದ ರಕ್ತ ಹೊಂದಿಸೋಕೆ ಎರಡು ದಿನ ಹಿಡೀತು. ಆಪರೇಷನ್ ಎರಡು ದಿನ ಮುಂದೆ ಹೋಯ್ತು, ಮನೆಯವರು ಬೇಜಾರಾದ್ರು, ಆದ್ರೆ ಕಾಯೋದೇ ಸರಿ ಅಂತ ಅಲ್ಲಿನ ತಂಡ ಗಟ್ಟಿಯಾಗಿ ನಿಂತ್ರು. ಎರಡು ಯೂನಿಟ್ ಆದ್ಮೇಲೆ 9.7ಕ್ಕೆ ಬಂತು.

ಹಿಂದಿನ ರಾತ್ರಿಯಿಂದಲೇ ಡ್ರಿಪ್, ಲಿಸ್ಟಲ್ಲಿ ಬೆಳಗ್ಗೆ ಮೊದಲನೇ ಕೇಸು, ಥಿಯೇಟರಲ್ಲಿ ಎಸಿ ಕಮ್ಮಿ, ಬಿಸಿ ಮಾಡಿದ ಡ್ರಿಪ್, ಬೆಚ್ಚಗೆ ಹೊದಿಕೆ. ಆಪರೇಷನ್ ಸಲೀಸಾಗಿ ಮುಗೀತು. ಒಳಗಿಂದ ಬಂದ ಕಲ್ಲು ಕಪ್ಪಗೆ, ಮಿಂಚ್ತಾ, ಬೆರಳಲ್ಲಿ ಒತ್ತಿದ್ರೆ ಪುಡಿಯಾಗೋಂಥವು. ಅಮ್ಮ ಅದನ್ನ ನೋಡಿ "ಇಷ್ಟು ಸಣ್ಣವಾ" ಅಂದ್ರಂತೆ.

ಎರಡನೇ ದಿನ ರಾತ್ರಿ

ಇದನ್ನ ಅಲ್ಲಿನ ರಿಜಿಸ್ಟ್ರಾರ್ ಡಾಕ್ಟರ್ ಹೇಳಿದ್ದು. ಆಪರೇಷನ್‌ಗೆ ಮುಂಚೆ ಮೂರು ಬಾಲಿನ ಸ್ಪೈರೋಮೀಟರ್ ಕೊಟ್ಟು ಉಸಿರು ಎಳೆಯೋದು ಹೇಳ್ಕೊಟ್ಟಿದ್ರು, ಆಗ ಎರಡು ಬಾಲು ಎತ್ತುತಿದ್ಲು, ನರ್ಸ್ ಅದನ್ನ ಚಾರ್ಟಲ್ಲಿ ಬರೆದಿಟ್ಟಿದ್ರು. ಆಪರೇಷನ್ ಆದ ಎರಡನೇ ರಾತ್ರಿ ಡ್ಯೂಟಿಗೆ ಬಂದ ನರ್ಸ್ ನೋವಿದೆಯಾ ಅಂತ ಕೇಳಿದ್ರೆ "ಪರ್ವಾಗಿಲ್ಲ ಅಕ್ಕ" ಅಂದಿದಾಳೆ. ಬೆಳಗ್ಗಿಂದ ಎಲ್ರಿಗೂ ಅದನ್ನೇ ಹೇಳಿ ನೋವಿನ ಔಷಧಿ ಬೇಡ ಅಂದಿದ್ಲು. ನರ್ಸ್ ಮಾತು ನಂಬದೆ ಬಾಲು ಎತ್ತು ನೋಡೋಣ ಅಂದ್ರು, ಒಂದೂ ಏಳ್ಲಿಲ್ಲ. ಉಸಿರು ನಿಮಿಷಕ್ಕೆ 28, ಆಕ್ಸಿಜನ್ 91, ಅವಳದ್ದು ಯಾವಾಗ್ಲೂ 96. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಎಕ್ಸ್‌ರೇಲಿ ಹೊಸ ಮಚ್ಚೆ. ಜ್ವರ ಶುರುವಾಗ್ತಿತ್ತು.

ಚೆಸ್ಟ್ ಸಿಂಡ್ರೋಮ್ ಶುರುವಾತಲ್ಲೇ ಸಿಕ್ತು. ನೋವಿನ ಔಷಧಿ ಕೇಳಿದಾಗ ಕೊಡೋದು ಬಿಟ್ಟು ಗಂಟೆ ಲೆಕ್ಕದಲ್ಲಿ ಕೊಟ್ರು, ಆಕ್ಸಿಜನ್, ಅಜಿತ್ರೋಮೈಸಿನ್ ಸೇರಿಸಿದ್ರು, ಎಚ್ಚರ ಇದ್ದಾಗೆಲ್ಲ ಗಂಟೆಗೊಂದು ಸಲ ಬಾಲು ಎಳೆಸಿದ್ರು, ನಡೆಸಿದ್ರು. ರಕ್ತ ಬದಲಾಯಿಸೋ ಎಕ್ಸ್‌ಚೇಂಜ್‌ಗೂ ರಕ್ತ ರೆಡಿ ಇಟ್ಕೊಂಡಿದ್ರು, ಬೇಕಾಗ್ಲಿಲ್ಲ. ಮೂರನೇ ದಿನಕ್ಕೆ ಆಕ್ಸಿಜನ್ ನಿಲ್ಲಿಸಿದ್ರು.

ಈ ಮಕ್ಕಳು ಚಿಕ್ಕಂದಿನಿಂದ ನೋವಿನ ಜೊತೆನೇ ಬೆಳೆದಿರ್ತಾರೆ, ಹೇಳಿದ್ರೂ ಏನಾಗುತ್ತೆ ಅನ್ನೋದು ಅಭ್ಯಾಸ ಆಗಿರುತ್ತೆ. ಪರ್ವಾಗಿಲ್ಲ ಅನ್ನೋ ಮಾತನ್ನ ಇವರ ಬಾಯಲ್ಲಿ ಕೇಳಿದಾಗ ಉಸಿರು ಎಣಿಸ್ಬೇಕು. ಎರಡು ಸಲ ಈ ಹುಡುಗೀನ ಕಾಪಾಡಿದ್ದು ಒಂದೇ ವಿಷಯ, ಅವಳು ಚೆನ್ನಾಗಿದ್ದಾಗ ಹೇಗಿದ್ಲು ಅಂತ ಯಾರೋ ಬರೆದಿಟ್ಟಿದ್ದು. ಒಂದು ಸಲ ಫೋನಲ್ಲಿನ ಫೋಟೋ, ಇನ್ನೊಂದು ಸಲ ಚಾರ್ಟಲ್ಲಿನ ಎರಡು ಬಾಲು. ಎಲ್ರಿಗೂ ಅನ್ವಯಿಸೋ ನಾರ್ಮಲ್ ನಂಬರು ಇವರಿಗೆ ಹೊಂದಲ್ಲ.

ಆಮೇಲೆ ಆಗಿದ್ದು

ತುಮಕೂರಿಗೆ ವಾಪಸ್ ಬಂದ್ಮೇಲೆ ರಕ್ತ ಕೊಟ್ಟ ಎರಡನೇ ವಾರಕ್ಕೆ ಹಿಮೋಗ್ಲೋಬಿನ್ ನೋಡಿದ್ವಿ, ಇಳೀದೆ ನಿಂತಿತ್ತು. ಫಾಲೋಅಪ್‌ಗೆ ಬಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಆಪರೇಸನ್ ಆದ್ರೂ ಕಣ್ಣು ಹಳದಿನೇ ಐತಲ್ಲ ಸಾ?" ಇದನ್ನ ಆಪರೇಷನ್‌ಗೆ ಮುಂಚೆನೇ ಮನೆಯವರಿಗೆ ಬಿಡಿಸಿ ಹೇಳ್ಬೇಕು, ಇಲ್ಲಾಂದ್ರೆ ಆಪರೇಷನ್ ಕೆಟ್ಟೋಗಿದೆ ಅನ್ಕೊಂಡು ಮತ್ತೆ ಕಾಮಾಲೆ ಔಷಧಿಗೆ ಹೋಗ್ತಾರೆ. ಪಿತ್ತಕೋಶ ತೆಗೆದ್ರೆ ಕಲ್ಲು ಕೂಡಿಡೋ ಜಾಗ ಹೋಗುತ್ತೆ, ಕಣ ಒಡೆಯೋದು ನಿಲ್ಲಲ್ಲ, ಅವಳ 4ರ ಹತ್ತಿರದ ಬಿಲಿರುಬಿನ್ ಹಂಗೇ ಇರುತ್ತೆ, ಅಪರೂಪಕ್ಕೆ ನಾಳದಲ್ಲೇ ಹೊಸ ಕಲ್ಲೂ ಕಟ್ಬಹುದು. ಹೈಡ್ರಾಕ್ಸಿಯೂರಿಯಾ ಮತ್ತೆ ಶುರು ಮಾಡಿದ್ವಿ, ಬ್ಲಡ್ ಕೌಂಟ್ ನೋಡ್ಕೊಂಡು, ಅದು ತಗೊಳ್ಳುವಾಗ ಗರ್ಭ ನಿಲ್ಲಬಾರದು ಅನ್ನೋದನ್ನೂ ಈಗ್ಲೇ ಹೇಳಿದ್ವಿ. ನ್ಯುಮೋನಿಯಾ ತಡೆಯೋ ನ್ಯುಮೋಕಾಕಲ್ ಲಸಿಕೆ ಆಯ್ತು. ವಾರ್ಡನ್‌ಗೆ ಹೇಳ್ಲಾ ಬೇಡ್ವಾ ಅಂತ ಹುಡುಗೀನೇ ಕೇಳಿದ್ವಿ, ವಾರ್ಡನ್‌ಗೆ ಮತ್ತೆ ಒಬ್ಳು ಗೆಳತಿಗೆ ಅಂತ ಹೇಳಿದ್ಲು, ಅಷ್ಟಕ್ಕೇ ನಿಲ್ಲಿಸಿದ್ವಿ.

2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್‌ನಲ್ಲಿ ಪರೀಕ್ಷೆ ಮಾಡಿಸ್ಕೊಂಡೋರಿಗೆ ಕಾರ್ಡ್ ಕೊಡ್ತಾರೆ, ಕಾಯಿಲೆ ಇದೆಯಾ, ಕ್ಯಾರಿಯರಾ ಅಂತ ಗೊತ್ತಾಗುತ್ತೆ, ಅದು ತುಂಬಾ ಒಳ್ಳೇದು. ನಾವು ಅದರ ಜೊತೆಗೆ ಇನ್ನೊಂದು ಚೀಟಿ ಲ್ಯಾಮಿನೇಟ್ ಮಾಡಿಸಿ ಕೊಟ್ವಿ. ಚೆನ್ನಾಗಿದ್ದಾಗಿನ ಹಿಮೋಗ್ಲೋಬಿನ್, ಡೈರೆಕ್ಟ್ ಮತ್ತೆ ಇನ್‌ಡೈರೆಕ್ಟ್ ಬಿಲಿರುಬಿನ್, ಆಕ್ಸಿಜನ್, ರಕ್ತದ ಗುಂಪು, ಆಂಟಿ-ಇ ಇದೆ ಅನ್ನೋದು, ಪಿತ್ತಕೋಶ ತೆಗೆದಿದೆ ಅನ್ನೋದು, ಎಲ್ಲ ಕನ್ನಡದಲ್ಲೇ. ಪಿತ್ತಕೋಶ ತೆಗೆದಿದೆ ಅಂತ ಬರೆಯೋದೂ ಮುಖ್ಯ, ಮುಂದೆ ಯಾವತ್ತಾದ್ರೂ ಹೊಟ್ಟೆನೋವು ಬಂದಾಗ ನೋಡೋ ಡಾಕ್ಟರಿಗೆ ಹುಡುಕ್ಬೇಕಾದ್ದು ಏನು ಅಂತ ಗೊತ್ತಿರುತ್ತೆ.

ಉಳಿದಿರೋದು ತಮ್ಮನ ವಿಷಯ. ಹದಿನಾಲ್ಕು ವರ್ಷ, ಅವನಿಗೂ ಪೂರ್ತಿ ಕಾಯಿಲೆ ಇದೆ, ನಾವು ಹೇಳಿದ್ಮೇಲೆ ಸ್ಕ್ಯಾನ್ ಮಾಡಿಸಿದ್ರು, ಮೂರು ಕಲ್ಲು ಸಿಕ್ತು. ನೋವು ಯಾವತ್ತೂ ಬಂದಿಲ್ಲ. ಅಕ್ಕನಿಗೆ ಆಗಿದ್ದು ನೋಡಿ ಅಮ್ಮ ಈಗ್ಲೇ ತೆಗೆಸ್ಬಿಡೋಣ ಅಂತಿದಾರೆ. 2014ರ ಅಮೆರಿಕಾ ಮಾರ್ಗಸೂಚಿ ತೊಂದರೆ ಕೊಡದ ಕಲ್ಲಿಗೆ ಕಾದು ನೋಡಿ, ನೋವು ಕೊಟ್ಟಿದ್ದಕ್ಕೆ ಲ್ಯಾಪರೊಸ್ಕೋಪಿ ಮಾಡಿ ಅನ್ನುತ್ತೆ. ಎಮರ್ಜೆನ್ಸೀಲಿ ಮಾಡೋದಕ್ಕಿಂತ ಸಮಾಧಾನದಲ್ಲಿ ಮುಂಚೆನೇ ಮಾಡೋದು ಮೇಲು ಅನ್ನೋ ಸರ್ಜನ್‌ಗಳೂ ಇದಾರೆ, ಆಸ್ಪತ್ರೆ ದೂರ ಇರೋ ಮಕ್ಕಳ ವಿಷಯದಲ್ಲಿ ನನ್ನ ಒಲವು ಆ ಕಡೆಗೇ. ಆದ್ರೆ ಹುಡುಗ ಹೈಡ್ರಾಕ್ಸಿಯೂರಿಯಾ ಸರಿಯಾಗಿ ತಗೊಳ್ತಿಲ್ಲ, ಹಿಮೋಗ್ಲೋಬಿನ್ 7ರ ಆಸುಪಾಸು, ಈಗ ಆಪರೇಷನ್ ಅಂದ್ರೆ ರಕ್ತ ಬೇಕೇ ಬೇಕು, ಅಕ್ಕನ ತರ ಅವನಿಗೂ ಪ್ರತಿಕಾಯ ಬೆಳೀಬಹುದು. ಹಂಗಾಗಿ ಮೊದಲು ಆರು ತಿಂಗಳು ಕ್ಯಾಪ್ಸೂಲ್ ಒಂದು ದಿನಾನೂ ಬಿಡದೆ ತಗೊಳ್ಳೋದು, ಅವನ ಚೀಟೀನೂ ಈಗ್ಲೇ ಮಾಡಿಡೋದು, ಬೇಸಿಗೆ ರಜೇಲಿ ಬೆಂಗಳೂರಿನ ಅದೇ ತಂಡಕ್ಕೆ ತೋರಿಸಿ ದಿನ ನಿಗದಿ ಮಾಡೋದು ಅಂತ ಒಪ್ಪಿಗೆ ಆಗಿದೆ. ಅಷ್ಟರೊಳಗೆ ಬಲಗಡೆ ನೋವು ಬಂದು ಮೂತ್ರ ಕಪ್ಪಾದ್ರೆ ಅಥವಾ ಚಳಿಜ್ವರ ಬಂದ್ರೆ ಬೆಳಗಾಗೋ ತನಕ ಕಾಯದೆ 108ಕ್ಕೆ ಫೋನ್ ಮಾಡ್ಬೇಕು, ಆನೆ ಇದೆ ಅಂದ್ರೆ ಫಾರೆಸ್ಟ್ ಗಾರ್ಡ್‌ಗೂ ಮಾಡ್ಬೇಕು ಅಂತ ಹೇಳಿದೀವಿ, ಆ ನಂಬರನ್ನ ಅಕ್ಕನೇ ತಮ್ಮನ ಚೀಟಿ ಹಿಂದೆ ಬರೆದು ಕಳಿಸಿದಾಳೆ.